ರಾಮನಗರಕ್ಕೆ ಹೋಗೋಣವೇ? ಒಂದು ಆಪ್ತಸಲಹೆ ಪ್ರಕರಣ

ಬೆಂಗಳೂರು ಬಿಟ್ಟು ಪಕ್ಕದ ಊರಿಗೆ ಹೋಗಿ ನೆಲೆಸಬೇಕೇ ಬೇಡವೇ ಎಂಬ ಜಗಳ ಹೊತ್ತು ನನ್ನ ಹತ್ತಿರ ಬರುವ ಗಂಡ ಹೆಂಡತಿ ಈಗೀಗ ಜಾಸ್ತಿಯಾಗಿದ್ದಾರೆ. ಒಬ್ಬರಿಗೆ ನೆಲಮಂಗಲ, ಇನ್ನೊಬ್ಬರಿಗೆ ದೊಡ್ಡಬಳ್ಳಾಪುರ, ಮತ್ತೊಬ್ಬರಿಗೆ ಹೊಸಕೋಟೆ. ಊರು ಬೇರೆಯಾದರೂ ಜಗಳದ ಒಳಗಿನ ವಿಷಯ ಹೆಚ್ಚುಕಡಿಮೆ ಒಂದೇ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಕುಟುಂಬದವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಗಂಡನಿಗೆ ನಲವತ್ತರ ಆಸುಪಾಸು. ವೈಟ್‌ಫೀಲ್ಡ್ ಕಡೆ ಸಾಫ್ಟ್‌ವೇರ್ ಕೆಲಸ. ವಾರಕ್ಕೆ ಮೂರು ದಿನ ಆಫೀಸು, ಎರಡು ದಿನ ಮನೆಯಿಂದಲೇ. ಹೆಂಡತಿ ಜಯನಗರದ ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾರೆ. ಶನಿವಾರ ಅರ್ಧ ದಿನವೂ ಸೇರಿ ದಿನಾ ಹೋಗಲೇಬೇಕು. ಮಗಳು ಮೂರನೇ ಕ್ಲಾಸು. ಗಂಡನ ತಾಯಿ ಇವರ ಜೊತೆಗಿದ್ದಾರೆ, ಅವರಿಗೆ ಮಂಡಿ ನೋವು. ವಿಜಯನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ.

ರಾಮನಗರದಲ್ಲಿ ಪರಿಚಯದವರೊಬ್ಬರು ನೆಲಮಹಡಿಯ ಮನೆಯೊಂದನ್ನು ಮಾರಲು ಇಟ್ಟಿದ್ದರು. ಗಂಡನ ಹಿರಿಯರು ಚನ್ನಪಟ್ಟಣದ ಕಡೆಯವರು. ಹಾಗಾಗಿ ಅವರಿಗೆ ರಾಮನಗರ ಪರವೂರಲ್ಲ. ಅಡ್ವಾನ್ಸ್ ಕೊಡುವ ಹಂತಕ್ಕೆ ಬಂದಿದ್ದರು. ಹೆಂಡತಿ ಬೇಡ ಅಂದಿರಲಿಲ್ಲ, ಹೂಂ ಅಂತಲೂ ಅಂದಿರಲಿಲ್ಲ. ಮನೆಯಲ್ಲಿ ಮಾತು ಕಮ್ಮಿಯಾಗಿತ್ತು.

ಮೊದಲ ಸಲ ಬಂದಾಗ ಗಂಡ ಒಂದು ಹಾಳೆ ತಂದಿದ್ದರು. ಕಂಪ್ಯೂಟರಿನಲ್ಲಿ ಮಾಡಿ ಪ್ರಿಂಟ್ ತೆಗೆದದ್ದು. ಎಡಕ್ಕೆ ಲಾಭ, ಬಲಕ್ಕೆ ನಷ್ಟ. ಪ್ರತಿ ಸಾಲಿಗೂ ಹತ್ತಕ್ಕೆ ಇಷ್ಟು ಅಂತ ಅಂಕ. ಲಾಭದ ಕಡೆ ಏನಿತ್ತು? ಬಾಡಿಗೆಗೆ ಇನ್ನೊಂದಿಷ್ಟು ಸೇರಿಸಿದರೆ ಸ್ವಂತ ಮನೆಯ ಇಎಂಐ. ಅಮ್ಮನಿಗೆ ಮೆಟ್ಟಿಲಿಲ್ಲ. ಒಳ್ಳೆಯ ಗಾಳಿ, ಸುತ್ತ ಬೆಟ್ಟ. ಶಾಲೆ ಫೀಸು ಕಡಿಮೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. ರೈಲಿನ ಪಾಸ್ ಅಗ್ಗ. ಕೊನೆಯಲ್ಲಿ, 'ಶಕ್ತಿ ಯೋಜನೆ ಇರುವುದರಿಂದ ಅವಳಿಗೆ ಬಸ್ ಖರ್ಚಿಲ್ಲ.' ನಷ್ಟದ ಕಡೆ ಪ್ರಯಾಣದ ಹೊತ್ತು, ಟೋಲ್, ದೊಡ್ಡ ಆಸ್ಪತ್ರೆ ದೂರ, ಮಗಳಿಗೆ ಹೊಸ ಶಾಲೆ. ಕೂಡಿಸಿ ನೋಡಿದರೆ ರಾಮನಗರವೇ ಗೆದ್ದಿತ್ತು.

ಆತ ಮೋಸದ ಮನುಷ್ಯ ಅಲ್ಲ. ನಷ್ಟವನ್ನು ಮುಚ್ಚಿಟ್ಟಿರಲಿಲ್ಲ. ಹೆಂಡತಿಯ ಪ್ರಯಾಣಕ್ಕೆ ತಮ್ಮ ಪ್ರಯಾಣದಷ್ಟೇ ಅಂಕ ಕೊಟ್ಟಿದ್ದರು. ನನಗೆ ಕಾಡಿದ್ದು ಬೇರೆ. ಆ ಹಾಳೆಯಲ್ಲಿ ಇಡೀ ಮನೆ ಒಬ್ಬನೇ ಮನುಷ್ಯ ಅನ್ನೋ ಹಾಗೆ ಲೆಕ್ಕ ಹಾಕಿತ್ತು. ಒಬ್ಬನೇ ಆಗಿದ್ದರೆ ಲಾಭದಲ್ಲಿ ನಷ್ಟ ಕಳೆಯಬಹುದು. ನಾಲ್ಕು ಜನ ಇದ್ದಾಗ ಒಬ್ಬರಿಗೆ ಬಂದ ಲಾಭದಲ್ಲಿ ಇನ್ನೊಬ್ಬರಿಗೆ ಆದ ನಷ್ಟವನ್ನು ಕಳೆಯೋದು ಹೇಗೆ?

ಮುಂದಿನ ಸಲ ಬಂದಾಗ ಅದೇ ಹಾಳೆಯನ್ನು ಟೇಬಲ್ ಮೇಲಿಟ್ಟೆ. ಹೆಂಡತಿಯ ಕೈಗೆ ಪೆನ್ನು ಕೊಟ್ಟೆ. "ಹೊಸದಾಗಿ ಏನೂ ಸೇರಿಸಬೇಡಿ. ಪ್ರತಿ ಸಾಲಿನ ಮುಂದೆ ಇದು ಯಾರಿಗೆ ಅಂತ ಮಾತ್ರ ಬರೆಯಿರಿ" ಅಂದೆ.

ಮೆಟ್ಟಿಲಿಲ್ಲ ಅನ್ನುವುದರ ಮುಂದೆ 'ಅತ್ತೆ' ಅಂತ ಬರೆದರು. ಫೀಸಿನ ಮುಂದೆ 'ಎಲ್ಲರಿಗೂ'. ಎಕ್ಸ್‌ಪ್ರೆಸ್‌ವೇ ಮುಂದೆ ಗಂಡನ ಹೆಸರು. "ಕಾರು ಇವರದು. ನನ್ನ ಸ್ಕೂಟರ್ ಅಲ್ಲಿ ಬಿಡಲ್ಲ" ಅಂದರು. ನಿಜ, 2023ರ ಆಗಸ್ಟ್ 1ರಿಂದ ಆ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಒಳ್ಳೆಯ ಗಾಳಿ ಅನ್ನುವ ಸಾಲಿಗೆ ಬಂದಾಗ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ 'ಅತ್ತೆ, ಮಗಳು' ಅಂತ ಬರೆದು ಪಕ್ಕದಲ್ಲಿ 'ನಾನು – ಭಾನುವಾರ' ಅಂತ ಸೇರಿಸಿದರು.

ಶಕ್ತಿ ಯೋಜನೆಯ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟರು.

"ಟಿಕೆಟ್ ಫ್ರೀ ರೀ. ಬೆಳಗ್ಗೆ ಎದ್ದು ಅಡುಗೆ ಮಾಡಿ ಆರೂವರೆಗೆ ಮನೆ ಬಿಡೋದು ಯಾರು? ಸ್ಯಾಟಲೈಟ್ ಬಸ್‌ಸ್ಟ್ಯಾಂಡಲ್ಲಿ ಇಳಿದು ಇನ್ನೊಂದು ಬಸ್ ಹಿಡಿಯೋದು ಯಾರು?"

ಗಂಡ, "ರೈಲಿದೆಯಲ್ಲ" ಅಂದರು. "ಒಂದಷ್ಟು ದಿನ ಕಷ್ಟ, ಆಮೇಲೆ ಅಭ್ಯಾಸ ಆಗುತ್ತೆ. ಸಬ್‌ಅರ್ಬನ್ ರೈಲು ಬರುತ್ತೆ. ಮೆಟ್ರೋನೂ ಬಿಡದಿವರೆಗೆ ಬರುತ್ತೆ ಅಂತಿದ್ದಾರೆ."

ಹೆಂಡತಿ ಅದಕ್ಕೆ ಉತ್ತರ ಕೊಡಲಿಲ್ಲ. ಬೇರೆ ಪ್ರಶ್ನೆ ಕೇಳಿದರು. ದನಿ ಏರಿರಲಿಲ್ಲ.

"ಮಂಗಳವಾರ, ಬುಧವಾರ, ಗುರುವಾರ ನೀವು ವೈಟ್‌ಫೀಲ್ಡಲ್ಲಿ. ನಾನು ಜಯನಗರದಲ್ಲಿ. ಅವತ್ತು ಪುಟ್ಟಿಗೆ ಜ್ವರ ಬಂದಿದೆ, ಕರ್ಕೊಂಡು ಹೋಗಿ ಅಂತ ಸ್ಕೂಲಿಂದ ಫೋನ್ ಬಂದ್ರೆ ಯಾರು ಹೋಗೋದು?"

"ಅಮ್ಮ ಇರ್ತಾರಲ್ಲ."

"ಅತ್ತೆಗೆ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ತಾನೇ ನಾವು ಹೋಗ್ತಿರೋದು? ಸ್ಕೂಲಿಗೆ ಓಡೋಕೆ ಆಗುತ್ತಾ?"

ಗಂಡ ಹಾಳೆ ನೋಡುತ್ತ ಕೂತರು. ನಾನು ಕೇಳಿದೆ, "ಈಗ ಹಾಗೆ ಫೋನ್ ಬಂದರೆ ಯಾರು ಹೋಗ್ತಾರೆ?"

"ನನ್ನ ಅಕ್ಕ" ಅಂದರು ಹೆಂಡತಿ. "ಎರಡು ರಸ್ತೆ ಆಚೆ ಇದ್ದಾಳೆ. ಮೊನ್ನೆ ಮೊನ್ನೆ ತಾನೆ ಹೋಗಿ ಕರ್ಕೊಂಡು ಬಂದ್ಲು. ಅತ್ತೆಯ ಮಾತ್ರೆ ತರೋದೂ ಅವಳೇ, ಒಂದೊಂದು ಸಲ."

ಆ ಹಾಳೆಯಲ್ಲಿ ಅಕ್ಕ ಎಲ್ಲೂ ಇರಲಿಲ್ಲ. ಈ ಕೆಲಸದಲ್ಲಿ ನಾನು ಮತ್ತೆ ಮತ್ತೆ ನೋಡಿರುವುದು ಇದನ್ನೇ. ಹೋಗುವ ಊರಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಎಲ್ಲರೂ ಬರೆದಿಡುತ್ತಾರೆ. ಇರುವ ಊರಿನಲ್ಲಿ ದುಡ್ಡಿಲ್ಲದೆ, ಕೇಳದೆ ನಡೆಯುತ್ತಿರುವ ಸಹಾಯ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಮಗುವನ್ನು ಕರೆತರುವ ಅಕ್ಕ, ಬೀಗದ ಕೈ ಇಟ್ಟುಕೊಳ್ಳುವ ಎದುರುಮನೆಯವರು, ಸಾಲ ಬರೆದಿಡುವ ದಿನಸಿ ಅಂಗಡಿಯವರು, ರಾತ್ರಿ ಫೋನ್ ಮಾಡಿದರೂ ಬೈಯದ ಡಾಕ್ಟರು. ಹೊಸ ಊರಲ್ಲಿ ಇವರೆಲ್ಲ ಸಿಗುವುದಿಲ್ಲ ಅಂತಲ್ಲ, ಸಿಗುತ್ತಾರೆ. ಸಣ್ಣ ಊರಲ್ಲಿ ಬೇಗನೂ ಸಿಗಬಹುದು. ಆದರೆ ಆ ಸ್ನೇಹ ಬೆಳೆಸಲು ಹಗಲು ಯಾರಾದರೂ ಊರಲ್ಲಿರಬೇಕು. ಬೆಳಗ್ಗೆ ಕತ್ತಲಲ್ಲಿ ಹೋಗಿ ರಾತ್ರಿ ಬರುವವರಿಗೆ ಪಕ್ಕದ ಮನೆಯವರ ಹೆಸರು ಗೊತ್ತಾಗಲೂ ವರ್ಷ ಬೇಕು.

ಸ್ವಲ್ಪ ಹೊತ್ತಾದ ಮೇಲೆ ಗಂಡನೇ ಮಾತಾಡಿದರು. ಅವರ ತಂದೆ ತೀರಿಕೊಂಡಾಗ ಆಗಿನ ಮನೆಯ ಓನರ್ ಹನ್ನೊಂದನೇ ದಿನದ ಕಾರ್ಯ ಮನೆಯಲ್ಲಿ ಬೇಡ ಅಂದಿದ್ದರಂತೆ. ಛತ್ರ ಹುಡುಕಿಕೊಂಡು ಅಲೆದಿದ್ದರು. "ಅವತ್ತೇ ತೀರ್ಮಾನ ಮಾಡಿದ್ದೆ ಮೇಡಂ. ಅಮ್ಮನ್ನ ಬಾಡಿಗೆ ಮನೆಯಿಂದ ಕಳಿಸಿಕೊಡಬಾರದು." ಹೆಂಡತಿಗೆ ಆ ಘಟನೆ ಗೊತ್ತಿತ್ತು. ರಾಮನಗರದ ಮನೆಗೂ ಅದಕ್ಕೂ ನಂಟಿದೆ ಅಂತ ಗೊತ್ತಿರಲಿಲ್ಲ. ಗಂಡನ ಕಡೆ ತಿರುಗಿ, "ಇದನ್ನ ಯಾಕೆ ಬರೀಲಿಲ್ಲ?" ಅಂತ ಕೇಳಿದರು. ಅವರಿಬ್ಬರ ನಡುವೆ ನಿಜವಾದ ಮಾತು ಶುರುವಾದದ್ದು ಅಲ್ಲಿಂದ.

ತಾಯಿಯ ಜೊತೆ ಬೇರೆಯಾಗಿ ಮಾತಾಡಿದೆ. ಇಂಥ ಪ್ರಕರಣದಲ್ಲಿ ಹಿರಿಯರನ್ನು ಕೇಳದೆ ಮುಂದೆ ಹೋಗಬಾರದು ಅನ್ನುವುದು ನನ್ನ ಗಟ್ಟಿ ನಂಬಿಕೆ. ಅವರ ಹೆಸರಲ್ಲೇ ಎಲ್ಲ ನಡೆಯುತ್ತಿರುತ್ತದೆ, ಅವರನ್ನು ಕೇಳಿರುವುದಿಲ್ಲ. "ಮಗ ಎಲ್ಲಿ ಅಂತಾನೋ ಅಲ್ಲಿ" ಅಂತ ಶುರು ಮಾಡಿದರು. ಕೂತು ಕೇಳಿದ ಮೇಲೆ, ಕೆಳಗಿನ ಮನೆ ಸಿಕ್ಕರೆ ಸಾಕು, ಊರು ಯಾವುದಾದರೇನು, ಆದರೆ ದಿನವಿಡೀ ಒಬ್ಬಳೇ ಇರಲಾರೆ ಅಂದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಈ ಮನೆಯಲ್ಲಿ ಮೂರು ಬೇರೆ ಬೇರೆ ಕಷ್ಟಗಳನ್ನು ಒಂದೇ ಗಂಟು ಕಟ್ಟಿದ್ದೀರಿ, ಬಿಚ್ಚಿ. ತಾಯಿಯ ಮೆಟ್ಟಿಲಿನ ಕಷ್ಟ ಇವತ್ತಿನದು. ಅದಕ್ಕೆ ಐವತ್ತು ಕಿಲೋಮೀಟರ್ ಹೋಗಬೇಕಿಲ್ಲ, ಇದೇ ಏರಿಯಾದಲ್ಲಿ ನೆಲಮಹಡಿ ಹುಡುಕಿ. ಸ್ವಂತ ಮನೆಯ ಆಸೆ ದೊಡ್ಡದು, ಅದರಲ್ಲಿ ತಪ್ಪೇನಿಲ್ಲ, ಆದರೆ ಅದಕ್ಕೆ ಈ ತಿಂಗಳೇ ಅಡ್ವಾನ್ಸ್ ಕೊಡುವ ಅವಸರ ಬೇಡ. ಬಾಡಿಗೆ, ಫೀಸಿನ ಖರ್ಚು ಮೂರನೆಯದು. ಅದನ್ನು ಲೆಕ್ಕ ಹಾಕುವಾಗ ಹೆಂಡತಿ ಕೆಲಸ ಬಿಡಬೇಕಾಗಿ ಬಂದರೆ ಹೋಗುವ ಸಂಬಳ, ಪಿಎಫ್ ಎಲ್ಲವನ್ನೂ ನಷ್ಟದ ಕಡೆ ರೂಪಾಯಿಯಲ್ಲಿ ಬರೆಯಿರಿ. 'ಬೇಕಾದರೆ ಅವಳು ಮನೆಯಲ್ಲಿರಬಹುದು' ಅನ್ನುವುದು ಸುಮ್ನೆ ಬಾಯಲ್ಲಿ ಹೇಳಿ ಬಿಡುವ ಮಾತಲ್ಲ.

ರಾಮನಗರವೇ ಬೇಕು ಅನ್ನಿಸಿದರೆ ಮೊದಲು ಅಲ್ಲಿ ಒಂದು ಶಾಲಾ ವರ್ಷ ಬಾಡಿಗೆಗೆ ಇರಿ. ಅದಕ್ಕೂ ಮುಂಚೆ ಕೆಲಸದ ದಿನವೇ, ಜನ ತುಂಬಿರುವ ಹೊತ್ತಿನಲ್ಲೇ, ಇಬ್ಬರೂ ಅಲ್ಲಿಂದ ಆಫೀಸಿಗೆ ಹೋಗಿ ಬನ್ನಿ. ಭಾನುವಾರ ಕಾರಿನಲ್ಲಿ ಹೋಗಿ ಮನೆ ನೋಡಿ, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು ಬಂದರೆ ಆ ಊರಿನ ಸೋಮವಾರ ಗೊತ್ತಾಗುವುದಿಲ್ಲ. ಮೈಸೂರು ರಸ್ತೆ ಕಡೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗದ ಮೆಟ್ರೋ 2023ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ, ಒಳ್ಳೆಯದೇ. ಆದರೆ ಈ ತುದಿಯಿಂದ ಆ ತುದಿಗೆ ಅದರಲ್ಲೇ ಹತ್ತಿರ ಹತ್ತಿರ ಒಂದೂವರೆ ಗಂಟೆ. ಚಲ್ಲಘಟ್ಟ ತಲುಪುವುದು ಅದಕ್ಕೆ ಮುಂಚಿನ ಮಾತು.

ಇನ್ನೂ ಬರದ ರೈಲನ್ನು ಲಾಭದ ಕಡೆ ಬರೆಯಬೇಡಿ ಅಂತ ಖಡಾಖಂಡಿತವಾಗಿ ಹೇಳಿದೆ. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿದರು. 148 ಕಿಲೋಮೀಟರ್, ನಾಲ್ಕು ಮಾರ್ಗ. ಅದರಲ್ಲಿ ಈ ದಿಕ್ಕಿನ ಮಾರ್ಗ ಇರುವುದು ಕೆಂಗೇರಿವರೆಗೆ. ಎಂಟು ವರ್ಷದ ಮಗು ಕಾಯುತ್ತ ಕಾಯುತ್ತ ಹೈಸ್ಕೂಲಿಗೆ ಹೋಗಿರುತ್ತದೆ. ಇವತ್ತು ಓಡುವ ಗಾಡಿಯಲ್ಲಿ ಇವತ್ತಿನ ದಿನ ನಡೆಯುತ್ತದೆಯೇ ನೋಡಿ.

ಮನೆಯ ಕಾಗದಪತ್ರದ ವಿಷಯ ನನ್ನ ಕೆಲಸವಲ್ಲ, ಆದರೂ ಎಲ್ಲರಿಗೂ ಹೇಳುತ್ತೇನೆ. ಊರಾಚೆಯ ಸೈಟು ಮನೆಗಳಲ್ಲಿ ಭೂಪರಿವರ್ತನೆ ಆಗಿದೆಯೇ, ಇ-ಖಾತಾ ಇದೆಯೇ, ಪಂಚಾಯಿತಿಗೆ ಸೇರಿದ್ದರೆ ಇ-ಸ್ವತ್ತು ಸಿಗುತ್ತದೆಯೇ ಅಂತ ವಕೀಲರಿಗೆ ತೋರಿಸಿ. ನೀರಿನ ಬಗ್ಗೆ ಮಾರುವವರನ್ನು ಕೇಳಬೇಡಿ. ಏಪ್ರಿಲ್‌ನಲ್ಲಿ ಹೋಗಿ ಪಕ್ಕದ ಮನೆಯವರನ್ನು ಕೇಳಿ.

ಈ ಪ್ರಕರಣ ಕೇಳಿದ ಸಹೋದ್ಯೋಗಿಯೊಬ್ಬರು ಆಕ್ಷೇಪ ಎತ್ತಿದರು. ನೀವು ಹೆಂಡತಿಯ ಪಕ್ಷ ವಹಿಸಿದಿರಿ, ಆಪ್ತಸಲಹೆಗಾರರು ತೀರ್ಮಾನದ ಕಡೆ ತಳ್ಳಬಾರದು, ದಾರಿಯನ್ನು ಅವರೇ ಕಂಡುಕೊಳ್ಳಬೇಕು ಅಂದರು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಕಾಲದಿಂದ ನಮಗೆಲ್ಲ ಕಲಿಸಿರುವುದು ಅದೇ. ನಾನು ಅದನ್ನು ಗೌರವಿಸುತ್ತೇನೆ. ಒಬ್ಬ ವ್ಯಕ್ತಿ ತನ್ನ ನೋವು ಹೇಳಿಕೊಳ್ಳಲು ಬಂದಾಗ ಹಾಗೇ ಕೂತು ಕೇಳುತ್ತೇನೆ. ಆದರೆ ಇಡೀ ಕುಟುಂಬ ಎದುರಿಗೆ ಕೂತಿರುವಾಗ, ಅದರಲ್ಲಿ ಒಬ್ಬರಿಗೆ ಮಾತು ಸಲೀಸು, ಇನ್ನೊಬ್ಬರಿಗೆ ಬಾಯಿ ಕಟ್ಟಿದಾಗ, ನಾನು ಸುಮ್ಮನಿದ್ದರೆ ಮಾತು ಸಲೀಸಾಗಿರುವವರ ತೀರ್ಮಾನವೇ ನಡೆಯುತ್ತದೆ. ಅದು ತಟಸ್ಥತೆ ಅಲ್ಲ. ಅಡ್ವಾನ್ಸ್ ಕೊಟ್ಟು ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿದ ಮೇಲೆ ದಾರಿ ಕಂಡುಕೊಳ್ಳಲು ಜಾಗ ಎಲ್ಲಿ ಉಳಿದಿರುತ್ತದೆ? ನಿಲ್ಲಿ ಅಂತ ಹೇಳಬೇಕಾದ ಹೊತ್ತು ಅದಕ್ಕೆ ಮುಂಚೆಯೇ, ಅಲ್ವಾ?

ಗಂಡಸರನ್ನು ಗುರಿ ಮಾಡಿ ಬರೆಯುತ್ತಿದ್ದೇನೆ ಅಂತಲೂ ತಿಳಿಯಬೇಡಿ. ಇದೇ ಮಾತನ್ನು ಇನ್ನೊಂದು ಮನೆಯ ಹೆಂಡತಿಗೆ ಹೇಳಿದ್ದೇನೆ. ಆಕೆಗೆ ಹಳ್ಳಿಯ ನೆಮ್ಮದಿ ಬೇಕಿತ್ತು, ನೈಟ್ ಶಿಫ್ಟಿನ ಗಂಡ ಪ್ರಯಾಣದಲ್ಲೇ ಸೊರಗಿದ್ದರು. ಸಣ್ಣ ಊರುಗಳ ಬಗ್ಗೆ ನನಗೆ ತಕರಾರಿಲ್ಲ. ತುಮಕೂರಿಗೆ ಹೋಗಿ ಚೆನ್ನಾಗಿರುವ ಕುಟುಂಬವೂ ನನಗೆ ಗೊತ್ತು. ಅಲ್ಲಿ ಹೆಂಡತಿ ಆ ಕಡೆಯದೇ ಶಾಲೆಯಲ್ಲಿ ಟೀಚರ್, ಮಕ್ಕಳು ಅವರ ಕಣ್ಣಳತೆಯಲ್ಲಿ. ಗಂಡ ದಿನಾ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುತ್ತಾರೆ, ತಾವೇ ಬೇಕೆಂದು ಆರಿಸಿಕೊಂಡದ್ದು. ಪ್ರಯಾಣದ ಭಾರ ಹೊರುವವರೇ ಹೂಂ ಅಂದಿದ್ದಾರೆ. ಹಾಗಿದ್ದರೆ ನಾನು ಏನೂ ಹೇಳಬೇಕಾಗಿಲ್ಲ.

ಈ ಕುಟುಂಬ ರಾಮನಗರದ ಆ ಮನೆಯನ್ನು ಕೊಳ್ಳಲಿಲ್ಲ. ಬೇರೆಯವರು ಕೊಂಡರು. ಗಂಡನಿಗೆ ಬೇಸರವಾಯಿತು, ನನ್ನ ಮೇಲೂ. ಅದನ್ನು ನೇರವಾಗಿ ಹೇಳಿದರು. ವಿಜಯನಗರದಲ್ಲೇ, ಅಕ್ಕನ ಮನೆಗೆ ಹತ್ತಿರ, ಒಂದು ನೆಲಮಹಡಿ ಮನೆ ಸಿಕ್ಕಿತು. ಬೆಳಕು ಕಮ್ಮಿ, ಬಾಡಿಗೆ ಮೊದಲಿಗಿಂತ ಜಾಸ್ತಿ. ತಾಯಿ ಈಗ ಸಂಜೆ ತಾವಾಗಿಯೇ ಹೊರಗೆ ಹೋಗಿ ಬರುತ್ತಾರೆ. ಬಾಡಿಗೆ ಕರಾರಿಗೆ ಮುಂಚೆ ಗಂಡ ಹೊಸ ಓನರಿಗೆ ಒಂದೇ ಪ್ರಶ್ನೆ ಕೇಳಿದರಂತೆ, ಮನೆಯಲ್ಲಿ ಸಾವು ನೋವಾದರೆ ಕಾರ್ಯಕ್ಕೆ ಅಡ್ಡಿ ಇಲ್ಲ ತಾನೇ ಅಂತ. ಇಲ್ಲ ಅಂದ ಮೇಲೆಯೇ ಸಹಿ ಹಾಕಿದ್ದು.

ಸ್ವಂತ ಮನೆಯ ಹುಡುಕಾಟ ನಿಂತಿಲ್ಲ. ಕೆಂಗೇರಿ, ಬಿಡದಿ ಕಡೆ ಈಗ ಇಬ್ಬರೂ ಕೆಲಸದ ದಿನ ರಜೆ ಹಾಕಿ ಹೋಗಿ ನೋಡುತ್ತಾರೆ. ಹೆಂಡತಿ ಒಂದು ಷರತ್ತು ಇಟ್ಟಿದ್ದಾರೆ: ಮಗಳ ಶಾಲೆಗೆ ಅರ್ಧ ಗಂಟೆಯಲ್ಲಿ ತಲುಪುವ ಹಾಗೆ ಇಬ್ಬರಲ್ಲಿ ಒಬ್ಬರು ಸದಾ ಇರಬೇಕು. ಗಂಡ ತಮ್ಮ ಕಂಪನಿಯಲ್ಲಿ ಪೂರ್ತಿ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಕೇಳಿದ್ದಾರೆ. ಇನ್ನೂ ಉತ್ತರ ಬಂದಿಲ್ಲ.