ಹಾರ್ಡ್‌ವೇರ್ ಹ್ಯಾಕರ್ ಬನಿ ಹುವಾಂಗ್ ಯಾಕೆ ಅಷ್ಟು ಹೆಸರುವಾಸಿ?

ಮುಖ್ಯವಾಗಿ ಎಕ್ಸ್‌ಬಾಕ್ಸ್‌ನಿಂದ. ಆಂಡ್ರ್ಯೂ ಹುವಾಂಗ್ ಅವರನ್ನು ಎಲ್ಲರೂ ‘ಬನಿ’ ಅಂತಲೇ ಕರೆಯುತ್ತಾರೆ. 2002ರಲ್ಲಿ, ಎಂಐಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ, ಮೈಕ್ರೋಸಾಫ್ಟ್‌ನ ಆ ಗೇಮ್ ಯಂತ್ರವನ್ನು ಬಿಚ್ಚಿದರು. ಅದರ ಗುಪ್ತಲಿಪಿ ಬಿಡಿಸುವ ಗುಟ್ಟಿನ ಕೀ ಒಂದು ಚಿಪ್‌ನೊಳಗೆ ಅಡಗಿತ್ತು. ಆದರೆ ಆನ್ ಮಾಡಿದಾಗ ಅದು ಪ್ರೊಸೆಸರ್ ಕಡೆಗೆ ಬೋರ್ಡ್ ಮೇಲಿನ ತಾಮ್ರದ ಗೆರೆಗಳಲ್ಲೇ ಹೋಗಬೇಕು, ಅಲ್ವಾ? ಬನಿ ಆ ಗೆರೆಗಳಿಗೇ ತಾವು ಮಾಡಿದ ಸಣ್ಣ ಬೋರ್ಡನ್ನು ಬೆಸುಗೆ ಹಾಕಿ, ಓಡುವ ಬಿಟ್‌ಗಳನ್ನು ಹಿಡಿದು ಕೀ ಪತ್ತೆ ಮಾಡಿದರು. ಎಂಥ ತಾಳ್ಮೆಯ ಕೆಲಸ!

ಆಮೇಲೆ ಚಂಬಿ ಎಂಬ ಇಂಟರ್ನೆಟ್‌ಗೆ ಜೋಡಿಸುವ ಪುಟ್ಟ ಸಾಧನ, 2014ರಲ್ಲಿ ಷಾನ್ ಕ್ರಾಸ್ ಜೊತೆ ನೊವೆನಾ ಲ್ಯಾಪ್‌ಟಾಪ್. ಈ ಲ್ಯಾಪ್‌ಟಾಪ್‌ನ ಸರ್ಕ್ಯೂಟ್ ನಕ್ಷೆ ಯಾರು ಬೇಕಾದರೂ ನೋಡಬಹುದು. ನನಗೆ ಜಾಸ್ತಿ ಇಷ್ಟವಾಗುವುದು ಅವರ ಪ್ರಿಕರ್ಸರ್ ಎಂಬ ಕೈಯಲ್ಲಿ ಹಿಡಿಯುವ ಸಾಧನ. ಅದರ ಪ್ರೊಸೆಸರ್ ಎಫ್‌ಪಿಜಿಎ ಮೇಲೆ, ಅಂದರೆ ಒಳಗಿನ ಸರ್ಕ್ಯೂಟನ್ನು ಕೋಡ್ ಬರೆದು ಬದಲಿಸಬಹುದಾದ ಚಿಪ್ ಮೇಲೆ, ಕೂತಿದೆ. ಹಾಗಾಗಿ ಬಳಸುವವರೇ ಪ್ರೊಸೆಸರ್‌ನ ಕೋಡ್ ಓದಿ, ಕಂಪೈಲ್ ಮಾಡಿ ಹಾಕಿಕೊಳ್ಳಬಹುದು.