ಸೊಂಟಕ್ಕೆ ರಿವಾಲ್ವರಾ, ಪಿಸ್ತೂಲಾ? ಮೊದಲು ರಾತ್ರಿ ಮನೆಯಲ್ಲಿ ಗುಂಡು ಖಾಲಿ ಮಾಡುವ ಕೆಲಸ ಯೋಚಿಸಿ

ಪುಣೆಯಲ್ಲಿ ಅಂಗಡಿ, ರಾತ್ರಿ ಕ್ಯಾಶ್ ಹಿಡಿದು ಮನೆಗೆ ಹೋಗಬೇಕು, ಲೈಸೆನ್ಸ್ ಕೈಗೆ ಬಂದಿದೆ, ರಿವಾಲ್ವರ್ ತಗೊಳ್ಳಲಾ ಪಿಸ್ತೂಲ್ ತಗೊಳ್ಳಲಾ ಅಂತ ಕೇಳಿದ್ದೀರಿ. ಊರೊಂದು ಬಿಟ್ಟರೆ ಇದು ನನ್ನದೇ ಕಥೆ. ನನ್ನದು ಚೆಂಬೂರಿನಲ್ಲಿ ಹೋಟೆಲ್. ಶಟರ್ ಎಳೆಯುವಷ್ಟರಲ್ಲಿ ಹನ್ನೆರಡು ದಾಟಿರುತ್ತಿತ್ತು.

ನಾನು ತಗೊಂಡಿದ್ದು ಪಿಸ್ತೂಲ್. ನೀವು ಬರೆದಿರುವ ಕಾರಣಗಳೇ. ಚಪ್ಪಟೆಯಾಗಿರುತ್ತದೆ, ಶರ್ಟಿನ ಕೆಳಗೆ ಉಬ್ಬಿ ಕಾಣುವುದಿಲ್ಲ, ರಿವಾಲ್ವರಿನ ಆರಕ್ಕಿಂತ ಒಂದೆರಡು ಗುಂಡು ಜಾಸ್ತಿ ಹಿಡಿಯುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರನ್ನೂ ಕೈಯಲ್ಲಿ ಹಿಡಿದು ನೋಡಿದ್ದೆ, ಹಳೇ ಕಾಲದ್ದು ಅನ್ನಿಸಿ ವಾಪಸ್ ಕೊಟ್ಟೆ. 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ತೂತಿನ ಅಳತೆ), ನಮ್ಮಂಥವರಿಗೆ ಸಿಗುವುದಿಲ್ಲ. ಹಾಗಾಗಿ .32 ಇಂಚಿನ ಅಳತೆಯಲ್ಲೇ ಹುಡುಕಿ, ಲೈಸೆನ್ಸ್ ಇದ್ದ ಒಬ್ಬರು ಮಾರುತ್ತಿದ್ದ ಹಳೇ ವಿದೇಶಿ ಪಿಸ್ತೂಲನ್ನು ಬಾಯಿಗೆ ಬಂದ ರೇಟು ಕೊಟ್ಟು ತಂದೆ.

ಅದು ಒಂದು ರಾತ್ರಿ ಮನೆಯಲ್ಲೇ ನನ್ನ ಕೈಯಲ್ಲಿ ತಪ್ಪಿ ಹಾರಿತು. ಈಗ ಆ ರಾತ್ರಿಯದನ್ನು ಬಿಡಿಸಿ ಹೇಳುತ್ತೇನೆ, ನಿಧಾನಕ್ಕೆ ಓದಿ. ಪಿಸ್ತೂಲ್ ಖಾಲಿ ಮಾಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಮ್ಯಾಗಜಿನ್, ಅಂದರೆ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, ತೆಗೆಯಬೇಕು. ಆಮೇಲೆ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಹಿಂದಕ್ಕೆ ಎಳೆಯಬೇಕು, ನಳಿಗೆಯ ಬುಡದ ಚೇಂಬರಿನಲ್ಲಿದ್ದ ಗುಂಡು ಹೊರಗೆ ಬೀಳುತ್ತದೆ. ಅವತ್ತು ನಾನು ಭುಜ ಮತ್ತು ಕಿವಿಯ ನಡುವೆ ಫೋನ್ ಸಿಕ್ಕಿಸಿಕೊಂಡು ಮರುದಿನದ ತರಕಾರಿ ಆರ್ಡರ್ ಹೇಳುತ್ತಿದ್ದೆ. ಮೊದಲು ಸ್ಲೈಡ್ ಎಳೆದುಬಿಟ್ಟೆ. ಗುಂಡು ಹಾರಿ ಹಾಸಿಗೆ ಮೇಲೆ ಬಿತ್ತು. ಕಣ್ಣಾರೆ ನೋಡಿದೆ. ಸ್ಲೈಡ್ ಬಿಟ್ಟೆ, ಆಮೇಲೆ ಮ್ಯಾಗಜಿನ್ ತೆಗೆದೆ. ಎರಡೂ ಕೆಲಸ ಮಾಡಿದ್ದೇನೆ, ಒಂದನ್ನೂ ಬಿಟ್ಟಿಲ್ಲ. ಗುಂಡು ಹಾಸಿಗೆ ಮೇಲಿದೆ, ಮ್ಯಾಗಜಿನ್ ಕೈಯಲ್ಲಿದೆ. ಖಾಲಿ ಅಲ್ವಾ?

ಅಲ್ಲ. ಸ್ಲೈಡ್ ಮುಂದಕ್ಕೆ ಬರುವಾಗ ಮ್ಯಾಗಜಿನ್ ಇನ್ನೂ ಒಳಗೇ ಇತ್ತು. ಅದರ ಮೇಲಿದ್ದ ಗುಂಡನ್ನು ಎತ್ತಿ ಚೇಂಬರಿಗೆ ತಳ್ಳಿತು. ಒಂದನ್ನು ಹೊರಗೆ ಹಾಕಿದ ಎಳೆತವೇ ಇನ್ನೊಂದನ್ನು ತುಂಬಿತ್ತು. ಕ್ರಮ ಹಿಂದುಮುಂದಾದರೆ ಇಷ್ಟೇ ಆಗುವುದು, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗುಂಡು ಸಿಡಿಸಲು ಬಡಿಯುವ ಹ್ಯಾಮರ್ ಎದ್ದು ನಿಂತಿತ್ತು. ಅದನ್ನು ಇಳಿಸೋಣ ಅಂತ ಕಪಾಟಿನ ಕಡೆ ತಿರುಗಿಸಿ ಟ್ರಿಗರ್ ಒತ್ತಿದೆ.

ಪ್ಲೈವುಡ್ ಬಾಗಿಲಲ್ಲಿ ಕಿರುಬೆರಳೂ ಸರಿಯಾಗಿ ಹೋಗದಂಥ ತೂತು. ಒಳಗೆ ಮಡಚಿಟ್ಟ ಇಳಕಲ್ ಸೀರೆಯ ಅಂಚು ಸುಟ್ಟಂತೆ ಹರಿದಿತ್ತು. ಹಿಂದಿನ ಗೋಡೆಯ ಪ್ಲಾಸ್ಟರ್ ಅಂಗೈಯಗಲ ಉದುರಿತ್ತು. ಆ ಗೋಡೆಯ ಆಚೆ ಮಗಳ ಮಂಚ. ಇಟ್ಟಿಗೆ ಗೋಡೆ ಆಗಿದ್ದಕ್ಕೆ ಅಲ್ಲಿಗೇ ನಿಂತಿತು. ಬರೀ ಪಾರ್ಟಿಶನ್ ಆಗಿದ್ದರೆ ಇವತ್ತು ನಾನು ಇದನ್ನು ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿದರು, ಮಾಡಿದ್ದು ಸರಿಯೇ. ಪಿಸ್ತೂಲ್ ಹೋಯಿತು, ಲೈಸೆನ್ಸ್ ಹೋಯಿತು, ವಕೀಲರಿಗೆ ಸುರಿದಿದ್ದು ಬೇರೆ. ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು ಈಗಲೂ ಇದೆ. ನನ್ನ ಕಾಲಕ್ಕೆ ಇಲ್ಲದ ಒಂದು ಕಲಂ ಈಗ ಇದೆ, ತಿಳಿದಿರಲಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ, ನಿರ್ಲಕ್ಷ್ಯದಿಂದ ಬಂದೂಕು ಬಳಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮದುವೆ ಮನೆಯಲ್ಲಿ ಗಾಳಿಯಲ್ಲಿ ಹಾರಿಸುವವರಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ. ಮಲಗುವ ಕೋಣೆಗೂ ಅದು ಅನ್ವಯಿಸುತ್ತದೆ.

ತರಬೇತಿ ಇರಲಿಲ್ಲ ಅಂದುಕೊಳ್ಳಬೇಡಿ. ರೇಂಜಿನಲ್ಲಿ ಸರಿಯಾಗಿಯೇ ಕಲಿತಿದ್ದೆ. ಆದರೆ ರೇಂಜಿನಲ್ಲಿ ಪಕ್ಕದಲ್ಲಿ ಒಬ್ಬರು ನಿಂತು ನೋಡುತ್ತಿರುತ್ತಾರೆ. ರಾತ್ರಿ ಒಂದು ಗಂಟೆಗೆ, ದಿನವಿಡೀ ನಿಂತು ಕಾಲು ಊದಿಕೊಂಡಿರುವಾಗ, ಮನೆಯಲ್ಲಿ ಯಾರೂ ನೋಡುತ್ತಿರುವುದಿಲ್ಲ. ಕೆಲವು ಪಿಸ್ತೂಲುಗಳಲ್ಲಿ ಮ್ಯಾಗಜಿನ್ ಇಲ್ಲದಿದ್ದರೆ ಗುಂಡು ಹಾರದಂಥ ಏರ್ಪಾಡು ಇರುತ್ತದೆ. ನನ್ನದರಲ್ಲಿ ಇರಲಿಲ್ಲ. ನಿಮ್ಮದರಲ್ಲಿ ಇದ್ದರೂ ಅದನ್ನು ನಂಬಬೇಡಿ, ಚೇಂಬರಿಗೆ ಕಣ್ಣು ಹಾಕಿ, ಕಿರುಬೆರಳು ತೂರಿಸಿ ಮುಟ್ಟಿ ನೋಡಿ.

ನೀವು ಕೇಳಿರುವುದೆಲ್ಲ ಕಳ್ಳ ಎದುರು ಬಂದ ಆ ಎರಡು ನಿಮಿಷದ ಬಗ್ಗೆ. ಎಷ್ಟು ಗುಂಡು, ಎಷ್ಟು ಬೇಗ ತೆಗೆಯಬಹುದು, ಸಿಕ್ಕಿಹಾಕಿಕೊಂಡರೆ ಏನು. ಆ ಎರಡು ನಿಮಿಷ ನನ್ನ ಜೀವನದಲ್ಲಿ ಬರಲೇ ಇಲ್ಲ. ತುಂಬುವುದು, ಖಾಲಿ ಮಾಡುವುದು ಮಾತ್ರ ದಿನಾ ಬಂತು. ಚುನಾವಣೆ ಬಂದಾಗ ಠಾಣೆಯಲ್ಲಿ ಇಡಲು ಹೇಳುತ್ತಾರೆ, ಆಗಲೂ ಖಾಲಿ ಮಾಡಬೇಕು. ಸೊಂಟಕ್ಕೆ ಕಟ್ಟುವವನಿಗೆ ಅಪಾಯ ಇರುವುದು ಅಲ್ಲೇ.

ಅದಕ್ಕೇ ಹೇಳುತ್ತೇನೆ, ತಗೊಳ್ಳಲೇಬೇಕು ಅಂದರೆ ರಿವಾಲ್ವರ್. ಕಾನ್ಪುರದ .32ರಲ್ಲಿ ಕೊಂಡಿ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಆರೂ ಗುಂಡು ಒಟ್ಟಿಗೆ ಮೇಲೇಳುತ್ತವೆ. ಕೈಗೆ ಸುರಿದುಕೊಂಡು ದೀಪದ ಕಡೆ ಹಿಡಿಯಿರಿ. ಆರೂ ತೂತಿನಲ್ಲಿ ಬೆಳಕು ಕಂಡರೆ ಖಾಲಿ. ಇಲ್ಲಿ ಕ್ರಮ ತಪ್ಪಲು ಜಾಗವೇ ಇಲ್ಲ. ಹಗುರ ಬೇಕಿದ್ದರೆ 2014ರಲ್ಲಿ ಬಂದ ನಿರ್ಭೀಕ್ ಅನ್ನುವ ರಿವಾಲ್ವರ್ ಇದೆ, ಟೈಟಾನಿಯಂ ಮಿಶ್ರಲೋಹದ್ದು, ಅರ್ಧ ಕಿಲೋ ಆಸುಪಾಸು. ಗುಂಡು ಕೊಳ್ಳುವಾಗ ಹುಷಾರು, ರಿವಾಲ್ವರಿನ .32 ಉದ್ದ, ಪಿಸ್ತೂಲಿನ .32 ಗಿಡ್ಡ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ನಮ್ಮ ಮುಂಬಯಿ ಸೆಕೆಗೆ ಚರ್ಮದ ಹೋಲ್ಸ್ಟರ್ ಬೆವರು ಹೀರಿ ತುಕ್ಕು ಹಿಡಿಸುತ್ತದೆ, ರಾತ್ರಿ ಅದರಿಂದ ತೆಗೆದೇ ಇಡಿ.

ಆದರೆ ನಿಜವಾಗಿ ನಿಮಗೆ ಬೇಕಾಗಿರುವುದು ಬಂದೂಕೇ ಅಂತ ನನಗೆ ಅನ್ನಿಸುವುದಿಲ್ಲ. ಬ್ಯಾಗ್ ಕಿತ್ತುಕೊಂಡು ಓಡುವವನ ಬೆನ್ನಿಗೆ ಹೊಡೆದರೆ ಕೋರ್ಟಿನಲ್ಲಿ ನಿಲ್ಲುವವರು ನೀವೇ, ಆತ್ಮರಕ್ಷಣೆ ಅಂತ ಒಪ್ಪಿಸುವುದು ಕಷ್ಟ. ನಾನು ಈಗ ಕ್ಯಾಶ್ ಮನೆಗೆ ತರುವುದೇ ಇಲ್ಲ. ಸಂಜೆ ಬ್ಯಾಂಕಿನ ಡೆಪಾಸಿಟ್ ಮಷಿನ್‌ಗೆ ಹಾಕಿಸುತ್ತೇನೆ, ಉಳಿದಿದ್ದು ಹೋಟೆಲಿನಲ್ಲೇ ನೆಲಕ್ಕೆ ಬೋಲ್ಟ್ ಹಾಕಿದ ತಿಜೋರಿಯಲ್ಲಿ. ಗಿರಾಕಿಗಳು ಅರ್ಧಕ್ಕರ್ಧ ಫೋನಿನಲ್ಲೇ ದುಡ್ಡು ಕೊಡುವ ಕಾಲ ಇದು. ಒಂದು ತಿಂಗಳು ಹೀಗೆ ಮಾಡಿ ನೋಡಿ. ಅಲ್ಲಿಯವರೆಗೆ ಬಂದೂಕಿನ ಅಂಗಡಿಗೆ ಅಡ್ವಾನ್ಸ್ ಕೊಡಬೇಡಿ. ಲೈಸೆನ್ಸಿನಲ್ಲಿ ಕೊಳ್ಳಲು ಎಷ್ಟು ಸಮಯ ಕೊಟ್ಟಿದ್ದಾರೆ ಅಂತ ಮಾತ್ರ ಇವತ್ತೇ ತೆಗೆದು ನೋಡಿಕೊಳ್ಳಿ.