ಮನಿ ಪ್ಲಾಂಟ್ ಎಲೆ ದೊಡ್ಡದಾಗಲು ಬೇಕಿರುವುದು ಗೊಬ್ಬರವಲ್ಲ

ಮನಿ ಪ್ಲಾಂಟ್ ಕುರಿತು ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಆ ಪ್ರಶ್ನೆಗೆ ಈ ಬಾರಿ ವಿವರವಾಗಿ ಉತ್ತರಿಸಿ, ಉಳಿದವುಗಳಿಗೆ ಅಗತ್ಯವಿದ್ದಷ್ಟನ್ನೇ ಹೇಳುತ್ತೇನೆ. ಕುಂಡದ ತಳದಲ್ಲಿ ತೂತಿರಬೇಕು ಎಂಬಂಥ ಸಂಗತಿಗಳು ಓದುಗರಿಗೆ ತಿಳಿದೇ ಇವೆ ಎಂದು ಭಾವಿಸಿದ್ದೇನೆ.

ಪ್ರಶ್ನೆ: ಪಕ್ಕದ ಮನೆಯ ತೆಂಗಿನ ಮರಕ್ಕೆ ಹಬ್ಬಿರುವ ಮನಿ ಪ್ಲಾಂಟಿನ ಎಲೆಗಳು ಊಟದ ತಟ್ಟೆಗಿಂತ ದೊಡ್ಡದಾಗಿವೆ. ಅದೇ ಬಳ್ಳಿಯ ತುಂಡನ್ನು ತಂದು ಹಾಲ್‌ನ ಶೋಕೇಸಿನ ಮೇಲಿಂದ ಇಳಿಬಿಟ್ಟು ಬೆಳೆಸಿದರೆ ಎಲೆ ಅಂಗೈಯಷ್ಟೂ ಆಗುತ್ತಿಲ್ಲ. ಕಡಲೆಕಾಯಿ ಹಿಂಡಿ, ಎಪ್ಸಮ್ ಉಪ್ಪು, ಅಕ್ಕಿ ತೊಳೆದ ನೀರು ಎಲ್ಲವನ್ನೂ ಹಾಕಿ ನೋಡಿದ್ದೇನೆ. ಇನ್ನು ಯಾವ ಗೊಬ್ಬರ ಹಾಕಬೇಕು?

ಉತ್ತರ: ಸದ್ಯಕ್ಕೆ ಯಾವುದನ್ನೂ ಹಾಕಬೇಡಿ. ಆ ತೆಂಗಿನ ಮರದ ಬುಡದಲ್ಲಿರುವ ಬಳ್ಳಿಗೆ ಯಾರೂ ಎಪ್ಸಮ್ ಉಪ್ಪು ಸುರಿದಿಲ್ಲ ಎಂಬುದನ್ನು ಗಮನಿಸಿದ್ದರೆ ಅರ್ಧ ಉತ್ತರ ನಿಮಗೇ ಸಿಕ್ಕಿರುತ್ತಿತ್ತು.

ಈ ಸಸ್ಯದ ಮೂಲ ನೆಲೆ ಫ್ರೆಂಚ್ ಪಾಲಿನೇಷ್ಯದ ಮೊರೆಯಾ ದ್ವೀಪ. ಅಂಥ ಕಾಡಿನಲ್ಲಿ ನೆಲದ ಮೇಲೆ ಬೆಳಕು ಕಡಿಮೆ, ಮೇಲೆ ಹೋದಂತೆ ಹೆಚ್ಚು. ಬಳ್ಳಿ ಮರವನ್ನು ಕಂಡುಕೊಳ್ಳುವವರೆಗೆ ಚಿಕ್ಕ ಎಲೆಗಳೊಂದಿಗೆ ನೆಲದಲ್ಲಿ ಹರಿಯುತ್ತದೆ; ಕಾಂಡಕ್ಕೆ ಅಂಟಿ ಏರತೊಡಗಿದ ಮೇಲೆ ಬಳ್ಳಿ ದಪ್ಪವಾಗುತ್ತದೆ, ಗೆಣ್ಣುಗಳ ನಡುವಿನ ಅಂತರ ಕಿರಿದಾಗುತ್ತದೆ, ಪ್ರತಿಯೊಂದು ಹೊಸ ಎಲೆಯೂ ಹಿಂದಿನದಕ್ಕಿಂತ ಅಗಲವಾಗುತ್ತಾ ಕೊನೆಗೆ ಅಂಚಿನಲ್ಲಿ ಸೀಳತೊಡಗುತ್ತದೆ. ಹೀಗೆ ಏರಿದ ಬಳ್ಳಿಯ ತುದಿ ಆಧಾರ ತಪ್ಪಿ ಕೆಳಗೆ ಜೋತುಬಿದ್ದರೆ ಇದೆಲ್ಲವೂ ತಿರುಗುಮುರುಗಾಗುತ್ತದೆ: ಗೆಣ್ಣಿನ ಅಂತರ ಉದ್ದವಾಗಿ, ಎಲೆ ಮತ್ತೆ ಚಿಕ್ಕದಾಗುತ್ತದೆ. ನೀವು ಅದನ್ನು ಶೋಕೇಸಿನ ಮೇಲಿಟ್ಟು ಇಳಿಬಿಟ್ಟಿದ್ದೀರಿ. ಬಳ್ಳಿ ತನ್ನ ಸ್ವಭಾವಕ್ಕೆ ತಕ್ಕಂತೆಯೇ ನಡೆದುಕೊಂಡಿದೆ. ಅದಕ್ಕೆ ಯಾವ ರೋಗವೂ ಇಲ್ಲ, ಯಾವ ಪೋಷಕಾಂಶದ ಕೊರತೆಯೂ ಇಲ್ಲ.

ಆದ್ದರಿಂದ ಮೊದಲು ಆಧಾರ ಕೊಡಿ. ನರ್ಸರಿಗಳಲ್ಲಿ ಮಾಸ್ ಸ್ಟಿಕ್ ಎಂದು ಮಾರುವ, ಹೆಬ್ಬೆರಳ ಗಾತ್ರದ ಕೊಳವೆಗೆ ತೆಂಗಿನ ಹಗ್ಗ ಬಿಗಿಯಾಗಿ ಸುತ್ತಿದ ಕೋಲುಗಳಲ್ಲಿ ಬಹುಪಾಲು ಈ ಕೆಲಸಕ್ಕೆ ಬಾರವು. ಗೆಣ್ಣಿನಲ್ಲಿ ಹುಟ್ಟುವ ಗಾಳಿಬೇರು ಕಚ್ಚಿಕೊಳ್ಳಬೇಕಾದರೆ ಆಧಾರದ ಮೈ ತೇವವಾಗಿರಬೇಕು. ಬಿಗಿಯಾಗಿ ಹೊಸೆದ ಹಗ್ಗದ ಮೇಲೆ ನೀರು ನಿಲ್ಲುವುದೇ ಇಲ್ಲ, ಅಲ್ಲಿ ಬೇರು ಒಣಗಿ ಕಂದುಬಣ್ಣದ ಮೊಂಡಾಗಿ ಉಳಿಯುತ್ತದೆ. ಅಗಲವಾದ ಅಡಿಕೆ ದಬ್ಬೆಗೆ ಬಿಡಿ ತೆಂಗಿನ ನಾರನ್ನು ಎರಡು ಬೆರಳಷ್ಟು ದಪ್ಪಕ್ಕೆ ಹರಡಿ, ಪ್ಲಾಸ್ಟಿಕ್ ಬಲೆಯಿಂದ ಸುತ್ತಿ ಕಟ್ಟಿದರೆ ಅದಕ್ಕಿಂತ ಎಷ್ಟೋ ಉತ್ತಮವಾದ ಆಧಾರ ಮನೆಯಲ್ಲೇ ಸಿದ್ಧವಾಗುತ್ತದೆ. ಕಟ್ಟುವ ಮೊದಲು ನಾರನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ, ಮತ್ತೊಮ್ಮೆ ತೊಳೆಯಿರಿ; ಅದರಲ್ಲಿರುವ ಉಪ್ಪಿನ ಅಂಶ ಎಳೆಯ ಬೇರನ್ನು ಸುಡಬಲ್ಲದು. ಬೇರು ಮೂಡಿರುವ ಬದಿ ಕೋಲಿಗೆ ತಾಗುವಂತೆ ಬಳ್ಳಿಯನ್ನು ಇಟ್ಟು ಮೆತ್ತನೆಯ ದಾರದಿಂದ ಸಡಿಲವಾಗಿ ಕಟ್ಟಬೇಕು. ಎಲೆಯ ತೊಟ್ಟನ್ನು ಎಂದೂ ಕಟ್ಟಬೇಡಿ, ಏಕೆಂದರೆ ಎಲೆ ಬೆಳಕಿಗೆ ತಿರುಗಿಕೊಳ್ಳುವುದು ಆ ತೊಟ್ಟಿನಿಂದಲೇ. ಅನಂತರ ಕೋಲಿನ ನೆತ್ತಿಯಿಂದ ನೀರು ನಿಧಾನವಾಗಿ ಇಳಿಯುವಂತೆ ಹಾಕಿ, ನಾರು ಪೂರ್ತಿ ಒಣಗದಂತೆ ನೋಡಿಕೊಳ್ಳಿ. ಎಲೆಗಳಿಗೆ ದಿನವೂ ನೀರು ಚಿಮುಕಿಸುವುದು ಈ ಕೆಲಸಕ್ಕೆ ಬದಲಿಯಲ್ಲ.

ಎರಡನೆಯದು ಬೆಳಕು. ಇದರಲ್ಲಿ ನಮ್ಮ ಕಣ್ಣು ನಮ್ಮನ್ನು ತಪ್ಪುದಾರಿಗೆ ಎಳೆಯುತ್ತದೆ. ಕಿಟಕಿಯಿಂದ ಹತ್ತು ಅಡಿ ಒಳಗೂ ನಮಗೆ ಕೋಣೆ ಬೆಳಗಿದಂತೆ ಕಾಣುವುದು ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಳ್ಳುವುದರಿಂದ. ಎಲೆಗೆ ಅಂಥ ಸೌಲಭ್ಯವಿಲ್ಲ, ಮತ್ತು ಕಿಟಕಿಯಿಂದ ದೂರ ಸರಿದಂತೆ ಬೆಳಕು ನಾವು ಊಹಿಸುವುದಕ್ಕಿಂತ ಬಹಳ ಬೇಗ ಕುಸಿಯುತ್ತದೆ. ‘ಕತ್ತಲಲ್ಲೂ ಬೆಳೆಯುವ ಗಿಡ’ ಎಂದು ಮಾರುವವರು ಹೇಳುವುದು ಅರ್ಧಸತ್ಯ: ಅದು ಕತ್ತಲಲ್ಲಿ ಬಹುಕಾಲ ಸಾಯದೆ ಉಳಿಯುತ್ತದೆಯೇ ಹೊರತು ಬೆಳೆಯುವುದಿಲ್ಲ, ಮತ್ತು ಹೊಸ ಎಲೆಗಳಲ್ಲಿ ಹಳದಿ ಗೆರೆಗಳು ಕಡಿಮೆಯಾಗುವುದೇ ಅದರ ಮೊದಲ ದೂರು. ಪೂರ್ವದ ಕಿಟಕಿಯ ಪಕ್ಕದಲ್ಲಿ, ಬೆಳಗಿನ ಎಳೆ ಬಿಸಿಲು ತಾಗುವಲ್ಲಿ ಇಡಿ. ಪಶ್ಚಿಮದ ಕಿಟಕಿಯಾದರೆ ತೆಳು ಪರದೆ ಇರಲಿ. ಬಯಲುಸೀಮೆಯ ಏಪ್ರಿಲ್ ಬಿಸಿಲು ಗಾಜಿನ ಮೂಲಕ ಎಲೆಯನ್ನು ಸುಟ್ಟುಬಿಡುತ್ತದೆ.

ಈಗಾಗಲೇ ಬಂದಿರುವ ಎಲೆಗಳು ದೊಡ್ಡದಾಗುವುದಿಲ್ಲ, ಹೊಸದಾಗಿ ಬರುವವು ಮಾತ್ರ ಆಗುತ್ತವೆ. ಆಧಾರವನ್ನು ಕಚ್ಚಿದ ಬಳ್ಳಿಯಲ್ಲಿ ನಾಲ್ಕಾರು ಎಲೆ ಬಿಡುವಷ್ಟರಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ. ಮರದ ಮೇಲಿನ, ದೊಡ್ಡ ಎಲೆಯಿರುವ ಬಳ್ಳಿಯ ತುಂಡನ್ನೇ ನೆಟ್ಟರೂ ಬೇರು ಹೊಸದಾಗಿ ಕಟ್ಟಬೇಕಾಗುವುದರಿಂದ ಮೊದಲ ಎಲೆಗಳು ಚಿಕ್ಕವೇ ಆಗಿರುತ್ತವೆ. ಮನೆಯೊಳಗೆ ಒಂದು ಗೇಣು ಅಗಲದ ಎಲೆ ಬಂದರೆ ತೃಪ್ತರಾಗಿ. ಛಾವಣಿಯ ಕೆಳಗೆ ತೆಂಗಿನ ಮರದ ಎತ್ತರವನ್ನು ಯಾರೂ ಕೊಡಲಾರರು. ಗೊಬ್ಬರದ ಮಾತು ಬರುವುದು ಇಷ್ಟೆಲ್ಲ ಆದ ಮೇಲೆ: ಗಿಡ ಚುರುಕಾಗಿ ಚಿಗುರುತ್ತಿರುವ ತಿಂಗಳುಗಳಲ್ಲಿ ಒಂದು ಹಿಡಿ ಎರೆಗೊಬ್ಬರ, ಅಥವಾ ಒಂದು ಲೀಟರ್ ನೀರಿಗೆ 1 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪ್ರಮಾಣದಲ್ಲಿರುವ, ನೀರಿನಲ್ಲಿ ಕರಗುವ ಗೊಬ್ಬರ) ಬೆರೆಸಿ ತಿಂಗಳಿಗೊಮ್ಮೆ. ಹಿಂಡಿಯನ್ನು ಮನೆಯೊಳಗಿನ ಕುಂಡಕ್ಕೆ ಹಾಕಲೇಬೇಡಿ. ಅದು ಕೊಳೆತು ನಾರುತ್ತದೆ, ನೊಣ ಹಿಡಿಯುತ್ತದೆ.

ಪ್ರಶ್ನೆ: ಆಗ್ನೇಯ ಮೂಲೆಯಲ್ಲಿ ಇಡಬೇಕೇ? ಕದ್ದು ತಂದರೆ ಮಾತ್ರ ಹಣ ಬರುವುದೇ?

ಉತ್ತರ: ಕಿಟಕಿ ಇರುವ ಮೂಲೆಯಲ್ಲಿ ಇಡಿ, ಕೇಳಿ ಪಡೆದು ತನ್ನಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕೊಂಡ ಮನಿ ಪ್ಲಾಂಟ್ ಬೀಜಗಳು ಮೊಳೆಯಲಿಲ್ಲ. ಏಕೆ?

ಉತ್ತರ: ಅವು ಮನಿ ಪ್ಲಾಂಟಿನ ಬೀಜಗಳೇ ಅಲ್ಲ. ಹೂವಿಗೆ ಅಗತ್ಯವಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಜೀನ್ ಈ ಸಸ್ಯದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ತಾನಾಗಿ ಹೂ ಬಿಡುವುದೇ ಅತ್ಯಪರೂಪವಾದ ಗಿಡದ ಬೀಜವನ್ನು ನೀಲಿ, ಕೆಂಪು ಎಲೆಯ ಚಿತ್ರ ಅಂಟಿಸಿ ಮಾರುವುದು ಶುದ್ಧ ಮೋಸ. ಗೆಣ್ಣು ಇರುವ ಒಂದು ತುಂಡು ಸಾಕು.

ಪ್ರಶ್ನೆ: ಮಲಗುವ ಕೋಣೆಯಲ್ಲಿ ನಾಲ್ಕು ಗಿಡ ಇಟ್ಟರೆ ಗಾಳಿ ಶುದ್ಧವಾಗುವುದೇ?

ಉತ್ತರ: ಇಲ್ಲ. ಎಲ್ಲರೂ ಉಲ್ಲೇಖಿಸುವ 1989ರ ನಾಸಾ ವರದಿಯ ಪ್ರಯೋಗಗಳು ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಇಂಥ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಸಾಮಾನ್ಯ ಕಟ್ಟಡದ ಗಾಳಿಯಾಟಕ್ಕೆ ಸಮನಾಗಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕು. ಕಿಟಕಿ ತೆರೆಯಿರಿ.

ಪ್ರಶ್ನೆ: ಎಲೆ ಹೊಳೆಯಲು ಹಾಲು, ಕೊಬ್ಬರಿ ಎಣ್ಣೆ ಸವರಬಹುದೇ?

ಉತ್ತರ: ಬೇಡ. ಒದ್ದೆ ಬಟ್ಟೆ ಸಾಕು.

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ವರ್ಷದ ಮಗುವಿದೆ. ಈ ಗಿಡ ವಿಷವೇ?

ಉತ್ತರ: ಇದನ್ನು ಇನ್ನಷ್ಟು ಜನ ಕೇಳಬೇಕಿತ್ತು. ಕಾಂಡ ಮತ್ತು ಎಲೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಕ್ಷ್ಮ ಸೂಜಿಗಳಿವೆ. ಕೆಸುವಿನ ತುರಿಕೆಗೂ ಅವೇ ಕಾರಣ. ಅಗಿದರೆ ಬಾಯಿ, ನಾಲಿಗೆ, ಗಂಟಲು ಉರಿದು ಊದಿಕೊಳ್ಳುತ್ತವೆ. ಬೆಕ್ಕು, ನಾಯಿಗಳಿಗೂ ಇದೇ ಆಗುತ್ತದೆ. ಮಗು ತೆವಳುವ ಮನೆಯಲ್ಲಿ ಇದನ್ನು ನೆಲಮಟ್ಟದಲ್ಲಿ ಇಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಗು ಕಚ್ಚಿದ್ದು ಕಂಡರೆ ಬಾಯಿಯಲ್ಲಿರುವ ಚೂರುಗಳನ್ನು ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ, ವಾಂತಿ ಮಾಡಿಸಲು ಹೋಗಬೇಡಿ, ತಕ್ಷಣ ವೈದ್ಯರನ್ನು ಕಾಣಿ. ಕತ್ತರಿಸಿದ ತುಂಡುಗಳನ್ನು ಖಾಲಿ ಸೈಟಿಗೋ ತೋಟದ ಬೇಲಿಯಾಚೆಗೋ ಎಸೆಯಬೇಡಿ. ಶ್ರೀಲಂಕಾ, ಹವಾಯಿ ಮತ್ತು ಫ್ಲಾರಿಡಾಗಳಲ್ಲಿ ಈ ಬಳ್ಳಿ ಕಾಡಿಗೆ ನುಗ್ಗಿ ಹಬ್ಬಿದೆ. ಮಲೆನಾಡಿನ ಮಳೆ ಮತ್ತು ಮರ ಅದಕ್ಕೆ ಅಷ್ಟೇ ಅನುಕೂಲಕರ.